ಆರಾಧನೆಯ ಒಲೆ, ಅತ್ತಿಗೆಯ ಮೂಳೆ

ಹುಡುಗಿಯೊಬ್ಬಳು ಮೈನೆರೆದ ದಿನಕ್ಕೆ ಸಾಕ್ಷಿಗಳ ಕೊರತೆಯಿಲ್ಲ. ಆರತಿ ಎತ್ತಿದವರು, ಎಳ್ಳಿನ ಚಿಗಳಿ ಕುಟ್ಟಿದವರು, ಹಸಿರು ಬಳೆ ತೊಡಿಸಿದವರು, ವಾರ ನಕ್ಷತ್ರ ಕೇಳಿ ಫಲ ನೋಡಿಸಿದವರು ಎಲ್ಲರೂ ಇರುತ್ತಾರೆ. ಮುಟ್ಟು ನಿಂತ ದಿನಕ್ಕೆ ಸಾಕ್ಷಿಯೇ ಇಲ್ಲ. ನಿಂತಿದೆ ಎಂಬುದು ಗೊತ್ತಾಗುವ ಹೊತ್ತಿಗೆ ಅದು ನಿಂತು ಬಹಳ ಕಾಲವಾಗಿರುತ್ತದೆ. ಹಸ್ತಪ್ರತಿಗಳ ಕಾಲನಿರ್ಣಯ ಮಾಡುವುದರಲ್ಲಿ ನನ್ನ ಉದ್ಯೋಗದ ವರ್ಷಗಳೆಲ್ಲ ಕಳೆದವು. ಕೊನೆಯ ಓಲೆಗರಿ ಕಳೆದುಹೋದ ಕಟ್ಟಿನ ಕಾಲವನ್ನು ಹೇಗೆ ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಒತ್ತಿ ಹಿಡಿಯಬೇಕೋ, ನನ್ನ ಅತ್ತಿಗೆಯ ದೇಹದ ಕಾಲವನ್ನೂ ಹಾಗೆಯೇ ಹಿಡಿಯಬೇಕಾಗಿದೆ.

ಅತ್ತಿಗೆಯ ಮುಟ್ಟು ನಿಂತದ್ದು ೧೯೯೪ರ ಶ್ರಾವಣಕ್ಕಿಂತ ಮುಂಚೆ. ಅಣ್ಣ ಇದನ್ನು ೧೯೯೬ ಎನ್ನುತ್ತಾನೆ, ಅದು ಸಾಧ್ಯವಿಲ್ಲ. ನಮ್ಮ ತಂದೆಯ ಆರಾಧನೆ, ಅಂದರೆ ಪುಣ್ಯತಿಥಿ, ಬರುವುದು ಶ್ರಾವಣದಲ್ಲಿ. ಆ ದಿನ ಮಠದ ಅಯ್ಯನವರುಗಳನ್ನು ಕರೆದು ಪಾದಪೂಜೆ ಮಾಡಿ ಊಟಕ್ಕೆ ಬಡಿಸುವುದು ನಮ್ಮಲ್ಲಿ ವಾಡಿಕೆ. ಹಿತ್ತಲ ಪಡಸಾಲೆಯಲ್ಲಿದ್ದ ಸೌದೆ ಒಲೆಯ ಮೇಲೆ ಆ ದಿನದ ಎಡೆಯನ್ನು ಬೇಯಿಸುವವಳು ‘ನಿಂತವಳೇ’ ಆಗಿರಬೇಕು, ನಿಂತು ಒಂದು ವರ್ಷ ತುಂಬಿರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ೧೯೯೫ರ ಆರಾಧನೆಗೆ ಆ ಒಲೆಯ ಮುಂದೆ ಕುಳಿತವರು ಅತ್ತಿಗೆ. ಆ ವರ್ಷ ಅಮ್ಮನ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಹೊಗೆ ಸೋಕಬಾರದೆಂದು ವೈದ್ಯರು ಹೇಳಿದ್ದರು. ಆದ್ದರಿಂದ ನಿಂತದ್ದು ತಡವೆಂದರೂ ಅದರ ಹಿಂದಿನ ಶ್ರಾವಣ. ಅತ್ತಿಗೆಯ ಶಾಲಾ ದಾಖಲೆಯಲ್ಲಿರುವ ಜನ್ಮವರ್ಷ ೧೯೫೪. ಅವರ ತಾಯಿ ಹೇಳುತ್ತಿದ್ದುದು ಜಯ ಸಂವತ್ಸರ. ಎರಡೂ ಒಂದೇ. ಅಂದರೆ ಆಗ ಅವರಿಗೆ ಹೆಚ್ಚೆಂದರೆ ನಲವತ್ತು.

ನಲವತ್ತಕ್ಕೆ ನಿಂತರೆ ಬೇರೆ ಮನೆಯಲ್ಲಿ ಗಾಬರಿಯಾಗುತ್ತಿತ್ತು. ನಮ್ಮಲ್ಲಿ ಸಂತೋಷವಾಯಿತು. ಅತ್ತಿಗೆಗೆ ಮಕ್ಕಳಿರಲಿಲ್ಲ. ಸರಸ್ವತಿಪುರದ ನಮ್ಮ ಮನೆಗೆ ಅವರು ಸೊಸೆಯಾಗಿ ಬಂದಂದಿನಿಂದ ಪ್ರತಿ ತಿಂಗಳೂ ಅವರು ಹಿತ್ತಲಲ್ಲಿ ಬಟ್ಟೆ ಒಣಗಿಸುವುದನ್ನು ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿ, ಕೇಳಿಸುವಂತೆ ಉಸಿರು ಬಿಡುತ್ತಿದ್ದಳು. ಬಟ್ಟೆ ಒಣಗುವುದು ನಿಂತಾಗ ಒಂದೆರಡು ತಿಂಗಳು ಆಸೆಯಿಂದ ನೋಡಿದಳು. ಆಸೆ ಸುಳ್ಳೆಂದು ತಿಳಿದ ದಿನ ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿದೆ.

“ಬೇಗ ನಿಂತಿದ್ದು ಒಳ್ಳೇದೇ ಆಯ್ತು ಬುಡು. ತೊಟ್ಟಿಲಿಗಂತೂ ಬರ್ಲಿಲ್ಲ, ಒಲೆಗಾದ್ರೂ ಬಂದ್ಲು.”

ಅತ್ತಿಗೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಆದರೆ ಮುಂದಿನ ಆರಾಧನೆಯ ದಿನ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕುಳಿತು ಹೂರಣ ತಿರುವುತ್ತಿದ್ದ ಅವರ ಬೆನ್ನನ್ನು ನಾನು ನೋಡಿದೆ. ನೆಟ್ಟಗಿತ್ತು. ಆ ದಿನ ಯಾರೂ, ಅಮ್ಮ ಕೂಡ, ಅವರ ಅನುಮತಿಯಿಲ್ಲದೆ ಪಡಸಾಲೆಯಲ್ಲಿ ಮಡಿಗೆಂದು ಎಳೆದ ಗೆರೆ ದಾಟುವಂತಿರಲಿಲ್ಲ. “ಅತ್ತೆ, ಅಲ್ಲೇ ನಿಂತ್ಕೊಳ್ಳಿ, ಮೈಲಿಗೆ” ಎಂದು ಅವರು ಒಮ್ಮೆ ಹೇಳಿದ್ದನ್ನೂ, ಅಮ್ಮ ನಿಜಕ್ಕೂ ಅಲ್ಲೇ ನಿಂತದ್ದನ್ನೂ ನಾನು ಕಂಡಿದ್ದೇನೆ. ಬಂದ ಹಿರಿಯ ಅಯ್ಯನವರು ಎದ್ದು ಕೈ ತೊಳೆಯುತ್ತ, “ಹೋಳಿಗೆ ಯಾರ ಕೈದು?” ಎಂದು ಕೇಳಿದರು. ಆ ಮನೆಯಲ್ಲಿ ಅತ್ತಿಗೆಯ ಕೈಯ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಾವು ಲಿಂಗ ಧರಿಸುವ ಮನೆತನದವರು. ಲಿಂಗ ಧರಿಸಿದವರಿಗೆ ಹೆರಿಗೆಯ ಸೂತಕವಿಲ್ಲ, ಸಾವಿನ ಸೂತಕವಿಲ್ಲ, ಮುಟ್ಟಿನ ಸೂತಕವೂ ಇಲ್ಲ ಎಂಬುದು ನಮ್ಮ ಧರ್ಮದ ಮೂಲಪಾಠ. ಅದನ್ನು ಸಾರುವ ಹಸ್ತಪ್ರತಿಗಳನ್ನೇ ನಾನು ಹಗಲೆಲ್ಲ ಓದುತ್ತಿದ್ದೆ. ಸಂಜೆ ಮನೆಗೆ ಬಂದು ಮುಟ್ಟಾದ ಮೂರು ದಿನ ಹಿತ್ತಲ ಕೋಣೆಯ ಚಾಪೆಯ ಮೇಲೆ ಕುಳಿತು ಊಟ ಮಾಡುತ್ತಿದ್ದೆ. ಈ ಕಟ್ಟಳೆ ನಮ್ಮ ಮನೆಗೆ ಹೊಕ್ಕಿದ್ದು ಯಾವ ಕಾಲದಲ್ಲಿ, ಯಾರ ಮೂಲಕ ಎಂಬುದನ್ನು ನಿರ್ಣಯಿಸಲು ನನ್ನಿಂದ ಆಗಿಲ್ಲ. ಅಜ್ಜಿಯ ಕಾಲಕ್ಕೆ ಇತ್ತು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಮುಟ್ಟು ನಿಂತ ಮೇಲೆ ಅತ್ತಿಗೆಯ ಮೈ ಇದ್ದಕ್ಕಿದ್ದಂತೆ ಕಾಯುತ್ತಿತ್ತು. ಮುಖ ಕೆಂಪೇರಿ, ಕುತ್ತಿಗೆಯಲ್ಲಿ ಬೆವರು ಇಳಿದು, ರವಿಕೆ ಒದ್ದೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಚಳಿ ಹಿಡಿದು ಸೆರಗು ಹೊದ್ದುಕೊಳ್ಳುತ್ತಿದ್ದರು. ಜನರ ಮುಂದೆ ಹೀಗಾದಾಗ ಅಮ್ಮ ನಗುತ್ತಿದ್ದಳು.

“ನೋಡ್ರೇ, ನಮ್ಮನೆ ಹಂಡೆ ಕಾದ್ಬುಡ್ತು. ಸ್ನಾನಕ್ಕೆ ನೀರು ಬೇಕಾದ್ರೆ ತಕ್ಕೊಳ್ಳಿ.”

ಬಂದವರು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ.

೧೯೯೬ರ ದಸರಾ ರಜೆಯಲ್ಲಿ ಅತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಕೈ ಊರಿದರು. ಮಣಿಕಟ್ಟು ಮುರಿಯಿತು. ವರ್ಷದ ಬಗ್ಗೆ ಸಂದೇಹವಿಲ್ಲ. ಅಣ್ಣ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದ ಮೇಲ್ವಿಚಾರಕನಾದದ್ದು ಅದೇ ತಿಂಗಳು. ಬಡ್ತಿಯ ಸಿಹಿಯನ್ನು ನೆರೆಮನೆಗಳಿಗೆ ಹಂಚಲು ಹೋದವಳು ನಾನು, ಏಕೆಂದರೆ ಅತ್ತಿಗೆಯ ಕೈ ಪಟ್ಟಿಯಲ್ಲಿತ್ತು. ಮೂಳೆಯ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಿಂತ ಎತ್ತರದಿಂದ ಬಿದ್ದದ್ದಕ್ಕೆ ಈ ವಯಸ್ಸಿನಲ್ಲಿ ಹೀಗೆ ಮುರಿಯಬಾರದು ಎಂದರು. ಮುಟ್ಟು ಯಾವಾಗ ನಿಂತಿತು ಎಂದು ಕೇಳಿದರು. ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ಗೋಡೆ ನೋಡಿದ. ಉತ್ತರ ಹೇಳಿದವಳು ನಾನು.

ಹೀಗೆ ನಾವು ಸ್ತ್ರೀರೋಗ ತಜ್ಞೆಯೊಬ್ಬರ ಕ್ಲಿನಿಕ್ಕಿಗೆ ಹೋದೆವು. ನಮ್ಮ ಬಡಾವಣೆಯಲ್ಲೇ, ಟ್ಯುಟೋರಿಯಲ್ ಒಂದರ ಮಹಡಿಯ ಮೇಲೆ. ಕೆಳಗೆ ಹುಡುಗರು ಸೂತ್ರಗಳನ್ನು ಉರುಹೊಡೆಯುವ ಸದ್ದು ಕೇಳುತ್ತಿತ್ತು. ವೈದ್ಯೆ ಚುರುಕಿನವರು, ಸ್ಪಷ್ಟವಾಗಿ ಮಾತನಾಡುವವರು. ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇರುವಷ್ಟು ಕಾಲ ಅದು ಮೂಳೆಯನ್ನು ಕಾಯುತ್ತದೆ. ಅದು ಹೋದ ಮೇಲೆ ಮೂಳೆ ವೇಗವಾಗಿ ಸವೆಯತೊಡಗುತ್ತದೆ. ಐವತ್ತಕ್ಕೆ ಹೋಗಬೇಕಾದದ್ದು ಇವರಿಗೆ ನಲವತ್ತಕ್ಕೇ ಹೋಗಿದೆ, ಆದ್ದರಿಂದ ಐವತ್ತರವರೆಗಾದರೂ ಅದನ್ನು ಮಾತ್ರೆಯ ರೂಪದಲ್ಲಿ ಕೊಡಬೇಕು ಎಂದರು. ಮೂರು ವಾರ ಒಂದು ಮಾತ್ರೆ. ಅದರ ಕೊನೆಯ ಭಾಗದಲ್ಲಿ, ಗರ್ಭಕೋಶಕ್ಕೆ ಕೆಡುಕಾಗದಂತೆ, ಜೊತೆಗೆ ಇನ್ನೊಂದು. ಆಮೇಲೆ ಒಂದು ವಾರ ಬಿಡುವು. ಹಾಲು, ರಾಗಿ, ಸುಣ್ಣಾಂಶದ ಮಾತ್ರೆ, ಬೆಳಗಿನ ಬಿಸಿಲು, ನಡಿಗೆ ಇವೂ ಬೇಕೆಂದರು.

“ಬಿಡುವಿನ ವಾರದಲ್ಲಿ ಸ್ವಲ್ಪ ಸ್ರಾವ ಆಗುತ್ತೆ. ಹೆದರಬೇಡಿ.”

ಅತ್ತಿಗೆ ಮೊದಲ ಬಾರಿಗೆ ಬಾಯಿ ತೆರೆದರು. “ಅದು ಮುಟ್ಟೇನಾ ಡಾಕ್ಟ್ರೇ?”

“ಅಂಡಾಶಯ ಕೆಲಸ ಮಾಡಿ ಬರೋದಲ್ಲ. ಒಳಪದರ ಕಳಚಿ ಬೀಳುತ್ತೆ, ಅಷ್ಟೇ.”

“ಅದಕ್ಕೆ ಮುಟ್ಟು ಅನ್ನಬೇಕೋ ಬೇಡವೋ?”

ವೈದ್ಯೆ ನಕ್ಕರು. “ನೀವು ಏನು ಬೇಕಾದ್ರೂ ಅನ್ನಿ. ಮೂಳೆಗೆ ಹೆಸರು ಬೇಕಿಲ್ಲ, ಮಾತ್ರೆ ಬೇಕು.”

ಅದು ಒಳ್ಳೆಯ ಮಾತು. ಆದರೆ ಆ ಪ್ರಶ್ನೆಯ ಹಿಂದೆ ಒಂದು ಒಲೆ ಇದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ಅತ್ತಿಗೆಗೆ ಇರಲಿಲ್ಲ.

ಮಾತ್ರೆ ಆರಂಭವಾದದ್ದು ೧೯೯೬ರ ಡಿಸೆಂಬರಿನಲ್ಲಿ. ಸಂಕ್ರಾಂತಿಯ ಹೊತ್ತಿಗೆ ಮೈ ಕಾಯುವುದು ತಗ್ಗಿತು. ನಿದ್ದೆ ಬಂತು. ಅತ್ತಿಗೆ ಬೆಳಿಗ್ಗೆ ನನ್ನೊಡನೆ ಬಡಾವಣೆಯ ರಸ್ತೆಗಳಲ್ಲಿ ನಡೆಯತೊಡಗಿದರು. ಬೇಲಿಯಾಚೆಯ ಹೂ ಕೀಳಲು ಚಪ್ಪಲಿ ಬಿಚ್ಚಿ ಚರಂಡಿಯ ಕಟ್ಟೆ ಹತ್ತುತ್ತಿದ್ದರು. ಜೊತೆಗೆ ಸಂಕ್ರಾಂತಿಯ ಹೊತ್ತಿಗೇ ಹಿತ್ತಲ ಹಗ್ಗದ ಮೇಲೆ ಮತ್ತೆ ಬಟ್ಟೆ ಕಾಣಿಸಿತು.

ಅಮ್ಮ ಅದನ್ನು ನೋಡಿ ಮೊದಲು ನಂಬಲಿಲ್ಲ. ಆಮೇಲೆ ಎಳ್ಳುಬೆಲ್ಲ ಬೀರಲು ಬಂದ ಹೆಂಗಸರ ಎದುರಿಗೆ ನಡುಮನೆಯಲ್ಲಿ ಹೇಳಿದಳು: “ನಮ್ಮ ಸೊಸೆ ಮತ್ತೆ ದೊಡ್ಡೋಳಾದ್ಲು ಕಣ್ರೀ. ಇನ್ನೊಂದ್ಸಲ ಆರತಿ ಎತ್ತಬೇಕು. ಹಸಿರು ಬಳೆ ತರ್ಸಾನಾ?”

ಹೆಂಗಸರು ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕರು. ಒಬ್ಬಾಕೆ, “ಈ ಸಲನಾದ್ರೂ ಮೊಮ್ಮಗು ಕೊಡ್ತಾಳೇನೋ ಬುಡಿ” ಎಂದಳು. ಅತ್ತಿಗೆ ತಟ್ಟೆಯಲ್ಲಿ ಕಬ್ಬಿನ ಚೂರುಗಳನ್ನು ಜೋಡಿಸುತ್ತಿದ್ದರು, ಜೋಡಿಸುತ್ತಲೇ ಇದ್ದರು.

ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಾತ್ರೆಯ ಹಾಳೆಯನ್ನು ಓದಲು ಕಲಿತಳು. ಎಷ್ಟು ಗುಳಿ ಖಾಲಿಯಾಗಿವೆ, ಎಷ್ಟು ಉಳಿದಿವೆ ಎಂಬುದನ್ನು ಬೆರಳಿನಿಂದ ಸವರಿ ನೋಡಿ, “ಇನ್ನೇನು, ನಾಳೆ ನಾಡಿದ್ದು ಹೊರಗೆ” ಎಂದು ಅಣ್ಣನಿಗೆ ಕೇಳಿಸುವಂತೆ ಹೇಳುತ್ತಿದ್ದಳು. ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಹೊರಗಾದ ದಿನಗಳಲ್ಲಿ ಅತ್ತಿಗೆ ಮತ್ತೆ ಹಿತ್ತಲ ಕೋಣೆಯ ಚಾಪೆಗೆ ಹೋದರು. ಅದನ್ನು ಅವರು ಸಹಿಸಿದರು. ಅವರ ಲೆಕ್ಕಾಚಾರ ಬೇರೆ ಇತ್ತು: ಬಿಡುವಿನ ವಾರ ಆರಾಧನೆಯ ದಿನಕ್ಕೆ ಬೀಳದಂತೆ ಒಂದು ಸುತ್ತನ್ನು ಹಿಂದೆ ಮುಂದೆ ಮಾಡಿಕೊಂಡರಾಯಿತು. ಪಂಚಾಂಗ ನೋಡಿ ಹೇಳು ಎಂದು ನನ್ನನ್ನು ಕೇಳಿದರು. ನಾನು ನೋಡಿ ಹೇಳಿದೆ. ೧೯೯೭ರ ಆರಾಧನೆ ಬಿಡುವಿನ ವಾರಕ್ಕೆ ಬೀಳುತ್ತಿರಲಿಲ್ಲ.

ಆದರೆ ಆರಾಧನೆಗೆ ಒಂದು ವಾರವಿರುವಾಗ ಅತ್ತಿಗೆ ಸೌದೆ ಒಲೆಗೆ ಸಗಣಿ ಬಳಿಯಲು ಕುಳಿತಾಗ, ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು: “ಅದ್ಯಾಕೆ ನೀನು ಬಳೀತಿದ್ದೀಯ?”

“ಆರಾಧನೆ ಬಂತಲ್ಲ ಅತ್ತೆ.”

“ಬಂತು. ನಿಂಗೇನು?”

“ಆವತ್ತು ನಾನು ಹೊರಗಿರಲ್ಲ ಅತ್ತೆ. ಲೆಕ್ಕ ನೋಡಿದ್ದೀನಿ.”

“ಆವತ್ತು ಇರ್ತೀಯೋ ಇರಲ್ವೋ ನಂಗೆ ಬೇಡ. ಈ ಒಲೆ ಮುಂದೆ ಕೂರೋಳು ನಿಂತೋಳು. ನೀನು ಹರಿಯೋಳು. ಏಳು.”

ನಾನು ಒಳಗಿನಿಂದ ಬಂದೆ. ಲಿಂಗ ಧರಿಸಿದವರಿಗೆ ಈ ಸೂತಕವೇ ಇಲ್ಲವೆಂದು ನಮ್ಮ ಹಿರಿಯರು ಬರೆದಿಟ್ಟಿದ್ದಾರೆ, ನಿನ್ನ ಕೊರಳಲ್ಲಿರುವುದೂ ಅವಳ ಕೊರಳಲ್ಲಿರುವುದೂ ಒಂದೇ ಲಿಂಗ, ಮೇಲಾಗಿ ಇದು ಮುಟ್ಟೇ ಅಲ್ಲ, ಔಷಧದ ಪರಿಣಾಮ ಎಂದು ಹೇಳಿದೆ. ಯಾವ ಪ್ರತಿಯಲ್ಲಿ, ಯಾವ ಗರಿಯಲ್ಲಿ ಇದೆ ಎಂಬುದನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿದಳು.

“ಅದು ನಿನ್ನ ಪುಸ್ತಕ. ಇದು ನನ್ನ ಒಲೆ” ಎಂದಳು. ಆಮೇಲೆ ಅತ್ತಿಗೆಯ ಕಡೆಗೆ ತಿರುಗಿ, “ಇನ್ನೂ ಕೂತಿದ್ದೀಯಲ್ಲೇ” ಎಂದಳು.

ಅತ್ತಿಗೆ ಸಗಣಿಯ ಕೈಯಲ್ಲೇ ಎದ್ದರು. ಸಂಜೆ ಅಣ್ಣ ಕಾರ್ಖಾನೆಯ ಬಸ್ಸಿನಿಂದ ಇಳಿದು ಬಂದಾಗ ನಾನು ವಿಷಯ ತಿಳಿಸಿದೆ. ಅವನು ಷೂ ಬಿಚ್ಚುತ್ತ, “ಅಮ್ಮ ಇನ್ನೆಷ್ಟು ದಿನ ಇರ್ತಾಳೆ? ಅವಳು ಹೇಳಿದ ಹಾಗೆ ಆಗಲಿ” ಎಂದ. ಅಮ್ಮ ಆಮೇಲೆ ಹನ್ನೊಂದು ವರ್ಷ ಇದ್ದಳು.

ಆ ವರ್ಷದ ಆರಾಧನೆಗೆ ಅಮ್ಮ ತಾನೇ ಒಲೆಯ ಮುಂದೆ ಕುಳಿತಳು. ಶಸ್ತ್ರಚಿಕಿತ್ಸೆಯಾದ ಕಣ್ಣಿಂದ ನೀರು ಸುರಿಯುತ್ತಿತ್ತು, ಹೋಳಿಗೆ ಸೀದಿತ್ತು, ಹೂರಣದಲ್ಲಿ ಬೇಳೆ ಕಚ್ಚುತ್ತಿತ್ತು. ಅತ್ತಿಗೆಗೆ ಎಲೆ ಹಾಸುವುದಕ್ಕೂ ಅವಕಾಶ ಸಿಗಲಿಲ್ಲ. ಅವರು ಹಿತ್ತಲಲ್ಲಿ ನುಗ್ಗೆಮರದ ಕೆಳಗೆ ಎಂಜಲೆಲೆ ಬೀಳುವ ಕಡೆ ನಿಂತಿದ್ದರು. ಹಿರಿಯ ಅಯ್ಯನವರು ಕೈ ತೊಳೆಯಲು ಬಂದವರು ಅವರನ್ನು ನೋಡಿ, “ಈ ಸಲ ನಿಮ್ಮ ಕೈ ಇಲ್ವೇನಮ್ಮ?” ಎಂದು ಕೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು: “ಅವಳಿಗೆ ಈಗ ಹರೆಯ ಬಂದದೆ ಬುದ್ಧಿ, ಅಡುಗೆ ಎಲ್ಲಿ ಮಾಡ್ತಾಳೆ!”

ಮರುದಿನ ಅತ್ತಿಗೆ ಮಾತ್ರೆಯ ಹಾಳೆಯನ್ನು ಅಮ್ಮನ ಕಣ್ಣೆದುರೇ ಬಚ್ಚಲ ಒಲೆಗೆ ಹಾಕಿದರು. ಈ ದಿನಾಂಕಕ್ಕೆ ಅಮ್ಮನೇ ನನ್ನ ಮುಖ್ಯ ಸಾಕ್ಷಿ. ಅವಳಿಗೆ ಇಸವಿ ಗೊತ್ತಿರಲಿಲ್ಲ, ಸಂವತ್ಸರ ಗೊತ್ತಿತ್ತು. ಮುಂದೆ ಎಷ್ಟೋ ಸಲ ನೆಂಟರ ಎದುರು ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ: “ಈಶ್ವರ ಸಂವತ್ಸರದ ಶ್ರಾವಣದಲ್ಲಿ ಆ ಇಂಗ್ಲಿಷು ಮಾತ್ರೆ ಬುಡಿಸ್ದೆ ನೋಡಿ.” ಈಶ್ವರ ಸಂವತ್ಸರವೆಂದರೆ ೧೯೯೭ರ ಯುಗಾದಿಯಿಂದ ೧೯೯೮ರ ಯುಗಾದಿಯವರೆಗೆ. ಅದರಲ್ಲಿ ಬರುವ ಶ್ರಾವಣ ಒಂದೇ.

ನಾನು ಅತ್ತಿಗೆಯನ್ನು ಕೇಳಿದೆ, ಮೂಳೆಯ ಗತಿ ಏನು ಎಂದು.

“ಮೂಳೆ ಒಳಗಿರುತ್ತೆ ಕಣಮ್ಮ, ಯಾರಿಗೂ ಕಾಣಲ್ಲ. ಒಲೆ ಮುಂದೆ ನಾನು ಕೂತಿದ್ದು ಎಲ್ಲರಿಗೂ ಕಾಣುತ್ತೆ.”

ವೈದ್ಯೆಯ ಬಳಿಗೆ ಅವರು ಮತ್ತೆ ಹೋಗಲಿಲ್ಲ. ನಾನು ಒಬ್ಬಳೇ ಹೋಗಿ ನಡೆದದ್ದನ್ನು ತಿಳಿಸಿದೆ. ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಮಾತ್ರೆಗಳನ್ನು ಬಿಡುವಿಲ್ಲದೆ ಒಟ್ಟಿಗೆ ಕೊಡುವ ಕ್ರಮವೂ ಇದೆ, ಮೊದಲ ಕೆಲವು ತಿಂಗಳು ಹೆಚ್ಚುಕಡಿಮೆಯಾದರೂ ಆಮೇಲೆ ಬಹಳ ಮಂದಿಗೆ ಸ್ರಾವವೇ ಆಗುವುದಿಲ್ಲ, ಒಂದು ಮಾತು ಹೇಳಿದ್ದರೆ ಬದಲಿಸುತ್ತಿದ್ದೆ ಎಂದರು. ಮನೆಗೆ ಬಂದು ಇದನ್ನು ಅತ್ತಿಗೆಗೆ ಹೇಳಿದೆ. ಅಣ್ಣನೂ ಅಲ್ಲೇ ಇದ್ದ. ಅವನು, “ಇನ್ನೊಂದು ಮಾತ್ರೆಯಂತೆ! ಅದಕ್ಕೆ ಇನ್ನೇನು ಬರುತ್ತೋ, ಮೀಸೆ ಬರುತ್ತೋ” ಎಂದ. ಅಮ್ಮ ನಕ್ಕು ನಕ್ಕು ಕೆಮ್ಮಿದಳು. ಅತ್ತಿಗೆ ಬೇಡವೆಂದು ತಲೆಯಾಡಿಸಿದರು. ಸುಣ್ಣಾಂಶದ ಮಾತ್ರೆಯನ್ನು ಮಾತ್ರ ಕೆಲವು ಕಾಲ ನುಂಗಿದರು, ಅದಕ್ಕೂ ಅಮ್ಮನ ಟೀಕೆ ತಪ್ಪಲಿಲ್ಲ: “ಸುಣ್ಣ ತಿನ್ನಾಕೆ ಮಾತ್ರೆ ಬೇಕಾ? ಎಲೆಗೆ ಹಚ್ಚಿ ಅಗಿ.”

ಮಾತ್ರೆ ಬಿಟ್ಟ ಮೇಲೆ ಒಂದು ವರ್ಷ ತುಂಬಬೇಕೆಂಬ ನಿಯಮವನ್ನು ಅಮ್ಮ ಬಿಟ್ಟುಕೊಡಲಿಲ್ಲ. ೧೯೯೮ರ ಶ್ರಾವಣದಲ್ಲಿ, ಕೊನೆಯ ಸ್ರಾವದಿಂದ ಎಣಿಸಿದರೆ, ಕೆಲವು ದಿನಗಳು ಕಡಿಮೆ ಬಿದ್ದವು. ಆ ವರ್ಷವೂ ಹೋಳಿಗೆ ಸೀಯಿತು. ೧೯೯೯ರಿಂದ ೨೦೦೪ರವರೆಗೆ ಪ್ರತಿವರ್ಷವೂ ಅತ್ತಿಗೆಯೇ ಕುಳಿತರು.

ಮಾತ್ರೆಯೊಡನೆ ಹೋಗಿದ್ದ ಕಾವು ಮಾತ್ರೆ ಹೋದೊಡನೆ ಮರಳಿ ಬಂದಿತ್ತು. ಸೌದೆಯ ಬೆಂಕಿಯ ಮುಂದೆ ಕುಳಿತ ಅತ್ತಿಗೆಗೆ ಒಳಗಿನಿಂದಲೂ ಕಾವು ಏರಿದಾಗ ಮುಖ ತಾಮ್ರದ ಬಣ್ಣಕ್ಕೆ ತಿರುಗಿ, ಬೆವರು ಗಲ್ಲದಿಂದ ಇಳಿಯುತ್ತಿತ್ತು. ಹೂರಣಕ್ಕೆ ಬೀಳದಂತೆ ಅವರು ತಲೆಯನ್ನು ಪಕ್ಕಕ್ಕೆ ತಿರುಗಿಸಿ ತೋಳಿನಿಂದ ಒರೆಸಿಕೊಳ್ಳುತ್ತಿದ್ದರು. ಅಮ್ಮ ಗೆರೆಯಾಚೆ ಮಣೆ ಹಾಕಿ ಕುಳಿತು ಬಂದವರಿಗೆ ತೋರಿಸುತ್ತಿದ್ದಳು: “ನೋಡಿ, ಒಲೆ ಮುಂದೆ ಎಂಗೆ ಹೊಳೀತಾಳೆ! ಅದೇ ಕಣ್ರೀ ಮಡಿ ಅಂದ್ರೆ.”

ಶತಮಾನ ಕಳೆಯುವ ಹೊತ್ತಿಗೆ ಅತ್ತಿಗೆಯ ಸೀರೆಯ ನೆರಿಗೆ ನೆಲ ಗುಡಿಸತೊಡಗಿತು. ಮೊದಮೊದಲು ಉಡುವಾಗಿನ ಅಜಾಗರೂಕತೆ ಎಂದುಕೊಂಡೆವು. ಅದೇ ಸೀರೆ, ಅದೇ ಉಡುವ ಕ್ರಮ; ಕುಗ್ಗಿದ್ದು ಅವರು. ಕಪಾಟಿನ ಮೇಲಿನ ಅರೆಯಿಂದ ಡಬ್ಬಿ ತೆಗೆಯಲು ಸ್ಟೂಲು ಬೇಕಾಯಿತು. ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕುಸಿಯುತ್ತಿವೆ ಎಂದು ಮೂಳೆಯ ವೈದ್ಯರು ೨೦೦೧ರಲ್ಲಿ ಹೇಳಿದರು. ಆ ಹೊತ್ತಿಗೆ ಬಂದಿದ್ದ, ವಾರಕ್ಕೊಮ್ಮೆ ಬರಿಹೊಟ್ಟೆಯಲ್ಲಿ ನುಂಗುವ ಮೂಳೆಯ ಮಾತ್ರೆಯೊಂದನ್ನು ಬರೆದುಕೊಟ್ಟರು. ಅತ್ತಿಗೆ ಮೊದಲು ಕೇಳಿದ ಪ್ರಶ್ನೆ, ಅದರಿಂದ ಸ್ರಾವ ಆಗುತ್ತದೆಯೇ ಎಂಬುದು. ಇಲ್ಲ ಎಂದರು. ಅತ್ತಿಗೆ ನಂಬಲಿಲ್ಲ. ಚೀಟಿ ಮನೆಯವರೆಗೂ ಬರಲಿಲ್ಲ, ದಾರಿಯಲ್ಲೇ ಹರಿದರು.

“ಸೀರೆ ಉಡೋದೂ ಮರ್ತಿದ್ದೀಯಾ” ಎನ್ನುತ್ತಿದ್ದಳು ಅಮ್ಮ. “ನನ್ನ ನೋಡು. ಎಂಟು ಕೊಡ ನೀರು ಹೊತ್ತೆ, ಐದು ಹೆತ್ತೆ. ಗೋಡೆ ಇದ್ದಂಗೆ ಇದ್ದೀನಿ.” ಅದು ನಿಜ. ಎಂಬತ್ತರ ಸಮೀಪದಲ್ಲಿ ಅವಳ ಬೆನ್ನು ನೆಟ್ಟಗಿತ್ತು. ಮುಟ್ಟು ನಿಂತಾಗ ಅವಳಿಗೆ ಐವತ್ತು ದಾಟಿತ್ತೆಂಬುದನ್ನು ಅವಳು ಹೇಳುತ್ತಿರಲಿಲ್ಲ.

೨೦೦೨ರ ಜುಲೈ ತಿಂಗಳಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಅಮೆರಿಕದಲ್ಲಿ ಹಾರ್ಮೋನು ಮಾತ್ರೆಗಳ ದೊಡ್ಡ ಪ್ರಯೋಗವೊಂದನ್ನು, ಸ್ತನದ ಕ್ಯಾನ್ಸರ್ ಮತ್ತು ಹೃದಯದ ತೊಂದರೆ ಹೆಚ್ಚಾಗಿ ಕಂಡವೆಂದು, ಅರ್ಧದಲ್ಲೇ ನಿಲ್ಲಿಸಿದ್ದರು. ಅಣ್ಣ ಬೆಳಗಿನ ಕಾಫಿಯ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, “ನಾವು ನಿಲ್ಲಿಸಿದ್ದೇ ಒಳ್ಳೇದಾಯ್ತು” ಎಂದ. ನಾನು ಆ ವಾರ ಸಿಕ್ಕಷ್ಟು ವರದಿಗಳನ್ನು ಓದಿದೆ. ಪ್ರಯೋಗದಲ್ಲಿದ್ದವರು ಐವತ್ತು ದಾಟಿದವರು, ಬಹಳ ಮಂದಿ ಅರವತ್ತು ದಾಟಿದವರು. ನಲವತ್ತಕ್ಕೇ ನಿಂತವರ ಪ್ರಶ್ನೆ ಅಲ್ಲಿರಲಿಲ್ಲ. ಆ ಮಾತ್ರೆ ತಿಂದವರಲ್ಲಿ ಸೊಂಟದ ಮೂಳೆ ಮುರಿದದ್ದು ಕಡಿಮೆ ಎಂಬ ಮಾತೂ ಅದೇ ವರದಿಯಲ್ಲಿತ್ತು. ಅಣ್ಣ ಆ ಸಾಲಿನವರೆಗೆ ಓದಿರಲಿಲ್ಲ. ಹೇಳಿದೆ. “ಕ್ಯಾನ್ಸರ್ ಬರಲಿಲ್ಲವಲ್ಲ, ಸಂತೋಷಪಡು” ಎಂದ.

ಇಲ್ಲಿಂದ ಮುಂದೆ ಪಾಠ ಹೇಗೆ ಕೆಟ್ಟಿತು ಎಂಬುದನ್ನು ನಾನು ಗಮನಿಸುತ್ತ ಬಂದೆ. ‘ನಿಲ್ಲಿಸಿದ್ದು ಒಳ್ಳೆಯದಾಯಿತು’ ಎಂಬುದು ಮರುವರ್ಷ ‘ಪತ್ರಿಕೆಯಲ್ಲೂ ಬಂದಿತ್ತು’ ಎಂದಾಯಿತು. ಅದರ ಮರುವರ್ಷ ‘ಪತ್ರಿಕೆಯಲ್ಲಿ ಬಂದದ್ದರಿಂದ ನಿಲ್ಲಿಸಿದೆವು’ ಎಂದಾಯಿತು. ಪ್ರತಿ ಮಾಡುವ ಲಿಪಿಕಾರರ ಕೈಯಲ್ಲಿ ಒಂದು ಗ್ರಂಥ ಹೀಗೆ ಕೆಡಲು ಎರಡು ಶತಮಾನ ಬೇಕಾಗುತ್ತದೆ. ನನ್ನ ಅಣ್ಣನಿಗೆ ಎರಡು ವರ್ಷ ಸಾಕಾಯಿತು.

೨೦೦೫ರ ಜೂನ್ ತಿಂಗಳಲ್ಲಿ, ಒಂದು ಮಧ್ಯಾಹ್ನ, ಅತ್ತಿಗೆ ಅಡುಗೆಮನೆಯಿಂದ ನಡುಮನೆಗೆ ಬರುವಾಗ ನೆಲ ಗುಡಿಸುತ್ತಿದ್ದ ತಮ್ಮ ಸೀರೆಯ ಅಂಚನ್ನೇ ತುಳಿದು ಬಿದ್ದರು. ನಾನು ನೋಡುತ್ತಿದ್ದೆ. ಜೋರಾಗಿ ಬೀಳಲಿಲ್ಲ, ಕುಳಿತಂತೆ ಬಿದ್ದರು. ಎಡಗಾಲು ಹೊರಕ್ಕೆ ತಿರುಗಿ ಗಿಡ್ಡವಾಗಿ ಕಂಡಿತು. ಅಮ್ಮ ಸೋಫಾದಿಂದಲೇ, “ನೆಟ್ಟಗೆ ನಡಿಯಾಕೆ ಏನು ರೋಗ?” ಎಂದಳು. ಆಮೇಲೆ ಕಾಲನ್ನು ನೋಡಿ ಸೋಫಾದಿಂದ ಎದ್ದಳು.

ಆಸ್ಪತ್ರೆಯಲ್ಲಿ ಕಿರಿಯ ವೈದ್ಯನೊಬ್ಬ ಪೂರ್ವವೃತ್ತಾಂತ ಕೇಳಿದ. ಹಾರ್ಮೋನು ಮಾತ್ರೆ ಎಂದಾದರೂ ತೆಗೆದುಕೊಂಡಿದ್ದರೇ, ಯಾವಾಗ ನಿಲ್ಲಿಸಿದರು, ಏಕೆ?

“ಎರಡು ಸಾವಿರದ ಎರಡು” ಎಂದ ಅಣ್ಣ. “ಕ್ಯಾನ್ಸರ್ ಬರುತ್ತೆ ಅಂತ ಪೇಪರ್‌ನಲ್ಲಿ ಬಂತಲ್ಲ ಡಾಕ್ಟ್ರೇ, ಅದನ್ನ ನೋಡಿ ನಿಲ್ಲಿಸಿದ್ವಿ.”

“ಅಲ್ಲ” ಎಂದೆ. “ತೊಂಬತ್ತೇಳರ ಆಗಸ್ಟ್. ಆ ಸುದ್ದಿ ಬಂದದ್ದು ಅದಾಗಿ ಐದು ವರ್ಷಕ್ಕೆ. ತೆಗೆದುಕೊಂಡದ್ದೇ ಒಟ್ಟು ಎಂಟು ತಿಂಗಳು.”

ಅಣ್ಣ ನನ್ನ ಕಡೆ ತಿರುಗಿದ. “ಗಂಡ ಇಲ್ಲ, ಮನೆ ಇಲ್ಲ, ತಾರೀಖು ಮಾತ್ರ ಇದೆ ನಿನಗೆ.”

ವೈದ್ಯ ಪೆನ್ನು ಹಿಡಿದು ಇಬ್ಬರನ್ನೂ ನೋಡಿದ. ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದ ಅತ್ತಿಗೆ ಕಣ್ಣು ತೆರೆಯದೆ ಹೇಳಿದರು: “ಇವಳು ಹೇಳಿದ್ದೇ ಸರಿ. ಕಾರಣ ಬರೀಬೇಡಿ. ನಾನು ವಾಪಸ್ಸು ಆ ಮನೆಗೇ ಹೋಗಬೇಕು.”

ತೊಡೆಯ ಮೂಳೆಯ ತಲೆಯನ್ನು ತೆಗೆದು ಲೋಹದ್ದನ್ನು ಕೂರಿಸಿದರು. ಕಳುಹಿಸುವಾಗ ನಿಯಮಗಳನ್ನು ಹೇಳಿದರು: ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯಬೇಕು, ನಡೆದಷ್ಟೂ ಒಳ್ಳೆಯದು, ನಿಂತು ಕೆಲಸ ಮಾಡಬಹುದು, ಮಾಡಬೇಕು, ನೆಲದ ಮೇಲೆ ಮಾತ್ರ ಇನ್ನೆಂದೂ ಕೂರಬಾರದು. ಸೌದೆ ಒಲೆ ನೆಲದ ಮೇಲಿತ್ತು. ಆ ಕ್ಷಣ ಅತ್ತಿಗೆಯ ಮುಖದಲ್ಲಿ ಕಂಡದ್ದು ನೋವಲ್ಲ. ಮೂಳೆ ಕೊಟ್ಟು ಕೊಂಡ ಜಾಗ ಅದೇ ಮೂಳೆಯಿಂದ ಹೋಗಿತ್ತು.

ಆರಾಧನೆಗೆ ಎರಡು ತಿಂಗಳಿತ್ತು. ಅಮ್ಮನ ಎರಡನೆಯ ಕಣ್ಣೂ ಮಂಜಾಗಿತ್ತು. ಈ ವರ್ಷ ಯಾರು ಕೂರುತ್ತಾರೆ ಎಂದು ನಾನು ಕೇಳಿದಾಗ ಅವಳು ಸ್ವಲ್ಪವೂ ಯೋಚಿಸದೆ, “ಅಡುಗೆಯೋರಿಗೆ ಹೇಳ್ಬುಡು” ಎಂದಳು.

ಉದಯಗಿರಿಯ ಕಡೆಯ ಅಡುಗೆಯವನೊಬ್ಬ ಬಂದ. ಹಿತ್ತಲ ಪಡಸಾಲೆಯಲ್ಲಿ, ಸೌದೆ ಒಲೆಯ ಪಕ್ಕದಲ್ಲೇ, ಗ್ಯಾಸ್ ಸಿಲಿಂಡರ್ ಇಟ್ಟು ದೊಡ್ಡ ಬರ್ನರ್ ಹೊತ್ತಿಸಿದ. ಅವನೊಂದಿಗೆ ಬಂದಿದ್ದ ಇಬ್ಬರು ತರುಣಿಯರು, ಹೆಚ್ಚೆಂದರೆ ಇಪ್ಪತ್ತೈದರ ವಯಸ್ಸಿನವರು, ನೈಲಾನ್ ಸೀರೆ ಎತ್ತಿ ಕಟ್ಟಿ, ಸಿನಿಮಾದ ಮಾತಾಡುತ್ತ ಹೂರಣ ರುಬ್ಬಿದರು, ಹೋಳಿಗೆ ಲಟ್ಟಿಸಿದರು. ಗೆರೆ ಇರಲಿಲ್ಲ, ಅಮ್ಮನೇ ಎರಡು ಸಲ ಒಳಗೆ ಹೋಗಿ ರುಚಿ ಹೇಗಿದೆಯೆಂದು ವಾಸನೆ ನೋಡಿ ಬಂದಳು. ಅಯ್ಯನವರುಗಳು ಉಂಡರು, ತೃಪ್ತಿಯಾಯಿತೆಂದರು.

ಅತ್ತಿಗೆ ಹಿತ್ತಲ ಬಾಗಿಲಲ್ಲಿ ವಾಕರ್ ಹಿಡಿದು ನಿಂತು ಎಲ್ಲವನ್ನೂ ನೋಡಿದರು. ಎಲ್ಲರೂ ಹೋದ ಮೇಲೆ ಅಮ್ಮನನ್ನು ಕೇಳಿದರು: “ಅತ್ತೆ, ಆ ಹುಡುಗೀರನ್ನ ಕೇಳಿದ್ರಾ?”

“ಏನು ಕೇಳೋದು?”

“ನಿಂತಿದೆಯಾ ಅಂತ.”

ಅಮ್ಮ ಅಡಿಕೆ ಬಾಯಿಗೆ ಹಾಕಿಕೊಂಡಳು. “ಅವರು ಕೂಲಿಯೋರು ಕಣೇ. ಅವರಿಗೆಲ್ಲಾ ಅದೇನು ಲೆಕ್ಕ? ಮನೆ ಹೆಣ್ಣಾದ್ರೆ ತಾನೆ ನೋಡ್ಬೇಕು.” ಅಗಿಯುತ್ತ, ಮೆಚ್ಚುಗೆಯಿಂದಲೇ ಹೇಳಿದಳು: “ಹೋಳಿಗೆ ಮಾತ್ರ ನಿಂದಕ್ಕಿಂತ ಮೆತ್ತಗಿತ್ತು ಬುಡು.”

ಅತ್ತಿಗೆ ವಾಕರನ್ನು ಎತ್ತಿ ತಿರುಗಿಸಿ ತಮ್ಮ ಕೋಣೆಗೆ ಹೋದರು.

ಮರುದಿನದಿಂದ ಅವರು ಅಡುಗೆಮನೆಗೆ ಹೋಗಲಿಲ್ಲ. ಅಮ್ಮ ತಿಳಿಸಾರು ಬೇಕೆಂದರೆ, “ಕಾಲು ಬರಲ್ಲ ಅತ್ತೆ” ಎಂದರು. ರಾಗಿ ಗಂಜಿ ಬೇಕೆಂದರೆ, “ಕಾಲು ಬರಲ್ಲ ಅತ್ತೆ.” ಅಣ್ಣ ವೈದ್ಯರನ್ನು ಕೇಳಿ ಬಂದು, ನಿಂತು ಕೆಲಸ ಮಾಡಬೇಕೆಂದು ಅವರೇ ಹೇಳಿದ್ದಾರೆ ಎಂದು ಕೂಗಾಡಿದ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, “ನನ್ನ ಮೂಳೆ ನನಗೆ ಗೊತ್ತು” ಎಂದರು. ನಾನು ಒಲೆಯ ಕೆಲಸ ಕಲಿತವಳಲ್ಲ. ಅದು ಮನೆಯವರಿಗೆಲ್ಲ ಗೊತ್ತಿತ್ತು. ಮೆಸ್ಸಿನಿಂದ ಕ್ಯಾರಿಯರ್ ಬರತೊಡಗಿತು: ಸೋಡಾ ಹಾಕಿದ ಅನ್ನ, ಕೆಂಪು ಎಣ್ಣೆ ತೇಲುವ ಸಾರು. ಅಮ್ಮನ ಹೊಟ್ಟೆಗೆ ಹಿಡಿಸಲಿಲ್ಲ. ಪ್ರತಿ ಊಟದಲ್ಲೂ ಬೈದಳು. ಒಂದೊಂದು ದಿನ ಅತ್ತಳು. ಅತ್ತಿಗೆ ಎದುರಿನ ಕುರ್ಚಿಯಲ್ಲಿ ಕುಳಿತು ಅವಳು ಉಣ್ಣುವುದನ್ನು ಕೊನೆಯ ತುತ್ತಿನವರೆಗೂ ನೋಡುತ್ತಿದ್ದರು. ಇದು ೨೦೦೮ರಲ್ಲಿ ಅಮ್ಮ ಸಾಯುವವರೆಗೂ ನಡೆಯಿತು.

ಆ ಮೂರು ವರ್ಷಗಳಲ್ಲಿ, ಅಣ್ಣ ಕೆಲಸಕ್ಕೆ ಹೋಗಿ ಅಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಅತ್ತಿಗೆ ಎಷ್ಟೋ ದಿನ ಗ್ಯಾಸಿನ ಕಟ್ಟೆಯ ಮುಂದೆ ನಿಂತು ನಮ್ಮಿಬ್ಬರಿಗೆ ಉಪ್ಪಿಟ್ಟು ಕೆದಕಿದ್ದಾರೆ, ಒಮ್ಮೆ ಹೋಳಿಗೆಯನ್ನೂ ಮಾಡಿದ್ದಾರೆ. ಕಾಲು ಚೆನ್ನಾಗಿಯೇ ಬರುತ್ತಿತ್ತು. ಬಿಸಿ ಹೋಳಿಗೆಗೆ ತುಪ್ಪ ಸುರಿದು ನನ್ನ ಕೈಗೆ ಕೊಡುತ್ತ, “ಮೆತ್ತಗಿದೆಯಾ?” ಎಂದು ಕೇಳಿದರು. ಒಳಗಿನ ಕೋಣೆಯಿಂದ ಅಮ್ಮ, “ಏನೇ ಅದು ವಾಸನೆ?” ಎಂದಳು. ಅತ್ತಿಗೆ ಬೆರಳು ತುಟಿಗಿಟ್ಟು, ಪಕ್ಕದ ಮನೆಯದು ಅತ್ತೆ ಎಂದು ಗಟ್ಟಿಯಾಗಿ ಹೇಳಿ, ಕಿಟಕಿ ತೆರೆದರು.